ಸಕ್ಕರೆ ‘ಅಕ್ಕರೆ’ಯಾಗಿ ಕೇಳಿಸಿದರೆ

ಕರೆದರೆ ಮಗು ತಿರುಗಿ ನೋಡುತ್ತದೆ. ಕಿವಿಗೇನೂ ಆಗಿಲ್ಲವೆಂದು ಮನೆಯವರಿಗೆ ನೆಮ್ಮದಿ. ಆದರೆ ‘ಸಕ್ಕರೆ’ ಎಂದದ್ದು ಅದಕ್ಕೆ ‘ಅಕ್ಕರೆ’ ಎಂದಷ್ಟೇ ಕೇಳಿಸಿರಬಹುದು. ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ ಕಿವಿಗೆ ಪೆಟ್ಟು ಕೊಡುವುದು ಹೀಗೆಯೇ. ಮೊದಲು ಹೋಗುವುದು ಕೀರಲು ಸ್ವರಗಳು, ಅವುಗಳ ಜೊತೆಗೆ ‘ಸ’ಕಾರ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯಾ ಇದೆ. ಅದರೊಳಗೆ ಸಾಲಾಗಿ ನಿಂತ ಸುಮಾರು 15,000 ರೋಮಕೋಶಗಳು. ಸುರುಳಿಯ ಬುಡದವು ಕೀರಲು ದನಿಯನ್ನೂ ತುದಿಯವು ಗಡಸು ದನಿಯನ್ನೂ ಹಿಡಿಯುತ್ತವೆ. ಔಷಧ ಬುಡದಿಂದ ಕೊಲ್ಲುತ್ತಾ ಬರುತ್ತದೆ. ಕೋಳಿಗಾದರೆ ಸತ್ತ ರೋಮಕೋಶದ ಜಾಗದಲ್ಲಿ ಹೊಸದು ಹುಟ್ಟುತ್ತದೆ, ನಮಗೆ ಆ ಭಾಗ್ಯವಿಲ್ಲ. ಹಾಗೆಂದು ಔಷಧವನ್ನೇ ಬಿಡೋಣವೆಂದರೆ, ಮಕ್ಕಳ ಎಷ್ಟೋ ಗಡ್ಡೆಗಳನ್ನು ಕರಗಿಸುವುದು ಅದೇ.

ದಾರಿ ಸಿಕ್ಕಿದ್ದು ಹಳೆಯ ಪರಿಚಯದ ವಸ್ತುವಿನಲ್ಲಿ. ಫೋಟೋ ಸ್ಟುಡಿಯೋಗಳ ಕತ್ತಲೆಕೋಣೆಯಲ್ಲಿ ‘ಹೈಪೋ’ ಎನ್ನುತ್ತಿದ್ದರಲ್ಲ, ಅದೇ ಸೋಡಿಯಂ ಥಯೋಸಲ್ಫೇಟ್. ಅದರಲ್ಲಿರುವ ಗಂಧಕ ಅಲ್ಲಿ ಫಿಲ್ಮಿನ ಬೆಳ್ಳಿಯನ್ನು ಕಚ್ಚಿಕೊಳ್ಳುತ್ತಿತ್ತು, ಇಲ್ಲಿ ಔಷಧದ ಪ್ಲಾಟಿನಂ ಅನ್ನು ಕಚ್ಚಿಕೊಂಡು ಅದರ ವಿಷ ಇಳಿಸುತ್ತದೆ. (ಅಂಗಡಿಯ ಹೈಪೋ ಔಷಧವಲ್ಲ. ಆಸ್ಪತ್ರೆಯಲ್ಲಿ ಕೊಡುವುದು ಶುದ್ಧೀಕರಿಸಿದ ಚುಚ್ಚುಮದ್ದು.)

ಎರಡನ್ನೂ ಒಟ್ಟಿಗೆ ಕೊಟ್ಟರೆ ಗಡ್ಡೆಯೂ ಬಚಾವಾದೀತು. ಆದ್ದರಿಂದ ಸಿಸ್‌ಪ್ಲಾಟಿನ್ ಮುಗಿದು 6 ತಾಸಿನ ಮೇಲೆ, ಅದು ಗಡ್ಡೆಯ ಮೇಲೆ ಕೆಲಸ ಮಾಡಿಯಾದ ಮೇಲೆ, ಇದನ್ನು ನರಕ್ಕೆ ಏರಿಸುತ್ತಾರೆ. ಹಲವು ದೇಶಗಳ ಮಕ್ಕಳ ಮೇಲೆ ನಡೆದ ‘ಸಿಯೋಪೆಲ್ 6’ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಯಕೃತ್ತಿನ ಗಡ್ಡೆಯಿದ್ದ ಮಕ್ಕಳಲ್ಲಿ ಸಿಸ್‌ಪ್ಲಾಟಿನ್ ಮಾತ್ರ ಪಡೆದವರ ಪೈಕಿ ಶೇ. 63ರಷ್ಟು ಮಂದಿಗೆ ಕಿವಿ ಮಂದವಾಗಿತ್ತು. ಥಯೋಸಲ್ಫೇಟ್ ಕೂಡ ಪಡೆದವರಲ್ಲಿ ಅದು ಶೇ. 33. ಬದುಕುಳಿದವರ ಪ್ರಮಾಣ ಕುಗ್ಗಲಿಲ್ಲ. ಅಮೆರಿಕ 2022ರಲ್ಲಿ ಒಪ್ಪಿಗೆ ಕೊಟ್ಟಿತು, ಆದರೆ ಕ್ಯಾನ್ಸರ್ ಬೇರೆಡೆ ಹರಡಿರದ ಮಕ್ಕಳಿಗೆ ಮಾತ್ರ. ಹರಡಿದ್ದವರಲ್ಲಿ ಬದುಕುಳಿಯುವ ಪ್ರಮಾಣ ತಗ್ಗಿದ್ದು ಇನ್ನೊಂದು ಪ್ರಯೋಗದಲ್ಲಿ ಕಂಡಿತ್ತು. ಈ ಎಚ್ಚರಿಕೆಯನ್ನು ನಾನು ಹಗುರವಾಗಿ ನೋಡಲಾರೆ. ಜೀವ ಮೊದಲು.

ನಿಮ್ಮ ಮನೆಯ ಮಗುವಿಗೆ ಸಿಸ್‌ಪ್ಲಾಟಿನ್ ಚಿಕಿತ್ಸೆ ಆಗಬೇಕಿದ್ದರೆ, ಥಯೋಸಲ್ಫೇಟ್ ಹೊಂದುತ್ತದೆಯೇ ಎಂದು ವೈದ್ಯರನ್ನು ದಯವಿಟ್ಟು ಕೇಳಿ. ಮೊದಲ ಡೋಸಿಗೂ ಮುಂಚೆ ಕಿವಿ ಪರೀಕ್ಷೆ ಮಾಡಿಸಿ, ಆಮೇಲೆ ನಡುನಡುವೆಯೂ. 4,000 ಹರ್ಟ್ಜ್‌ನಿಂದ ಮೇಲಿನ ದನಿಗಳನ್ನೂ ನೋಡಲೇಬೇಕು, ಮೊದಲ ಸುಳಿವು ಸಿಗುವುದು ಅಲ್ಲಿ. ಹೇಳಲು ಬಾರದ ಕೂಸಿಗೆ, ದನಿಗೆ ಮಿದುಳು ಸ್ಪಂದಿಸುವುದನ್ನು ಅಳೆಯುವ ‘ಬೆರಾ’ ಪರೀಕ್ಷೆಯಿದೆ, ನಿದ್ದೆಯಲ್ಲೇ ಮಾಡುತ್ತಾರೆ. ಕೀಮೋ ಮುಗಿಯಿತೆಂದು ಪರೀಕ್ಷೆ ನಿಲ್ಲಿಸಬೇಡಿ. ಕಾಕ್ಲಿಯಾದೊಳಗೆ ಪ್ಲಾಟಿನಂ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿದಿರುತ್ತದೆ.