ಬಾಗಿಲಲ್ಲಿ ಬೇಲಿಫ್: ಕೌನ್ಸಿಲ್ ಟ್ಯಾಕ್ಸ್ ಬಾಕಿ ಉಳಿದಾಗ

ಊರಿನಲ್ಲಿ ಮನೆ ಕಂದಾಯ ಕಟ್ಟುವುದು ಮಾಲೀಕರ ತಲೆನೋವು. ಬಾಡಿಗೆಯವರು ಕರೆಂಟು, ನೀರಿನ ಬಿಲ್ಲು ಕಟ್ಟಿಕೊಂಡರೆ ಸಾಕು, ಕಂದಾಯದ ಗೊಡವೆ ಅವರಿಗಿಲ್ಲ. ಈ ರೂಢಿಯನ್ನೇ ತಲೆಯಲ್ಲಿಟ್ಟುಕೊಂಡು ನಮ್ಮವರು ಇಂಗ್ಲೆಂಡಿಗೆ ಬಂದು ಮನೆ ಹಿಡಿಯುತ್ತಾರೆ. ಇಲ್ಲಿ ಲೆಕ್ಕ ಉಲ್ಟಾ. 1993ರ ಏಪ್ರಿಲ್‌ನಿಂದ ಜಾರಿಯಲ್ಲಿರುವ, ಊರಿನ ಆಡಳಿತ ನಡೆಸುವ ಕೌನ್ಸಿಲ್‌ಗೆ ಕಟ್ಟಬೇಕಾದ ಕೌನ್ಸಿಲ್ ಟ್ಯಾಕ್ಸ್ ಸಾಮಾನ್ಯವಾಗಿ ಬೀಳುವುದು ಮನೆಯಲ್ಲಿ ವಾಸವಿರುವವರ ಮೇಲೆ, ಬಾಡಿಗೆಯವರಾದರೂ ಸರಿಯೇ. ಮನೆಯನ್ನು ಕೋಣೆ ಕೋಣೆಯಾಗಿ ಬೇರೆಬೇರೆಯವರಿಗೆ ಬಾಡಿಗೆಗೆ ಕೊಟ್ಟಿದ್ದರೆ ಮಾತ್ರ ಹೊಣೆ ಮಾಲೀಕರದು. ಈ ವ್ಯತ್ಯಾಸ ಗೊತ್ತಿಲ್ಲದೆ ಮೊದಲ ವರ್ಷ ಕಳೆದು, ಎರಡನೇ ವರ್ಷ ನನ್ನ ಮೇಜಿನ ಮುಂದೆ ಬಂದು ಕೂರುವವರು ಕಡಿಮೆಯೇನಿಲ್ಲ.

ಸಾಲ ಸಲಹೆಯ ಕೆಲಸದಲ್ಲಿ ನಾನು ಕಂಡ ಮಟ್ಟಿಗೆ, ಕೌನ್ಸಿಲ್ ಟ್ಯಾಕ್ಸ್ ಬಾಕಿ ಇರುವ ಕನ್ನಡಿಗರಲ್ಲಿ ಕಟ್ಟುವುದೇ ಇಲ್ಲ ಎಂದು ಹಟ ಹಿಡಿದವರು ಅಪರೂಪ. ಕವರ್ ಒಡೆಯದವರು, ವಿಳಾಸ ಬದಲಾಗಿದ್ದನ್ನು ತಿಳಿಸದವರು, ‘ಅದು ಹಿಂದೆ ಇದ್ದವರದ್ದಿರಬೇಕು’ ಎಂದು ಪಕ್ಕಕ್ಕಿಟ್ಟವರೇ ಹೆಚ್ಚು. ಕಾನೂನು ಇವರಿಗಾಗಿ ಕಾಯುವುದಿಲ್ಲ. ಇಷ್ಟು ವರ್ಷ ನಡೆದುಬಂದ ನಿಯಮದಂತೆ, ಒಂದು ಕಂತು ತಪ್ಪಿದರೆ ಜ್ಞಾಪನಾ ಪತ್ರ ಬರುತ್ತದೆ. ಏಳು ದಿನದೊಳಗೆ ಕಟ್ಟದಿದ್ದರೆ, ಮತ್ತೊಂದು ಏಳು ದಿನ ಕಳೆಯುವ ಹೊತ್ತಿಗೆ ಆ ವರ್ಷದ ಉಳಿದ ಪೂರ್ತಿ ಮೊತ್ತ ಒಂದೇ ಗಂಟಿನಲ್ಲಿ ಬಾಕಿಯಾಗುತ್ತದೆ. ಕೌನ್ಸಿಲ್ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಿ ‘ಲಯಬಿಲಿಟಿ ಆರ್ಡರ್’, ಅಂದರೆ ಈ ಬಾಕಿಗೆ ನೀವೇ ಹೊಣೆ ಎಂಬ ಆದೇಶ, ತರುತ್ತದೆ. ಕೋರ್ಟ್ ಅಂದ ಕೂಡಲೇ ವಾದ, ಪ್ರತಿವಾದ, ಸಾಕ್ಷಿ ಎಂದು ಕಲ್ಪಿಸಿಕೊಳ್ಳಬೇಡಿ. ಒಂದೇ ಬೆಳಗ್ಗೆ ನೂರಾರು ಹೆಸರುಗಳು ಒಟ್ಟಿಗೆ ತೀರ್ಮಾನವಾಗುತ್ತವೆ. ‘ಈ ತೆರಿಗೆಗೆ ನಾನು ಹೊಣೆಯಲ್ಲ’, ‘ಆಗಲೇ ಕಟ್ಟಿದ್ದೇನೆ’, ‘ಬಿಲ್ಲನ್ನೇ ಸರಿಯಾಗಿ ಕಳಿಸಿಲ್ಲ’ ಎಂಬಂಥ ಕೆಲವೇ ತಕರಾರುಗಳು ಅಲ್ಲಿ ನಡೆಯುತ್ತವೆ. ‘ಕೈಯಲ್ಲಿ ದುಡ್ಡಿಲ್ಲ’ ಎನ್ನುವುದು ತಕರಾರೇ ಅಲ್ಲ. ಕೋರ್ಟಿನ ಖರ್ಚೂ ನಿಮ್ಮ ತಲೆಗೇ ಬರುತ್ತದೆ.

ಆ ಆದೇಶ ಕೈಗೆ ಸಿಕ್ಕಮೇಲೆ ಕೌನ್ಸಿಲ್ ಕಡತವನ್ನು ಖಾಸಗಿ ವಸೂಲಿ ಕಂಪನಿಗೆ ದಾಟಿಸಬಹುದು. ಮನೆಗೆ ಬರುವ ಆ ಕಂಪನಿಯ ವಸೂಲಿಗಾರರನ್ನು ಬಾಯಿಮಾತಿನಲ್ಲಿ ಎಲ್ಲರೂ ಬೇಲಿಫ್ ಎನ್ನುತ್ತಾರೆ, ಕಾಗದದ ಮೇಲೆ ‘ಎನ್‌ಫೋರ್ಸ್‌ಮೆಂಟ್ ಏಜೆಂಟ್’ ಎಂದಿರುತ್ತದೆ. ಇವರ ಅಧಿಕಾರದ ಬೇರು 2007ರ ಕಾಯ್ದೆಯಲ್ಲಿದೆ, ಶುಲ್ಕ ಮತ್ತು ಜಪ್ತಿಯ ನಿಯಮಗಳು 2014ರ ಏಪ್ರಿಲ್ 6ರಿಂದ ಜಾರಿಗೆ ಬಂದವು. ನಾನು ಮತ್ತೆ ಮತ್ತೆ ಹೇಳುವ ಮಾತೊಂದಿದೆ. ಬೇಲಿಫ್ ಬಾಗಿಲಿಗೆ ಬಂದ ದಿನ ನೀವು ಮಾಡಬಹುದಾದ್ದು ಸ್ವಲ್ಪ, ಬರುವ ಮೊದಲಿನ ವಾರದಲ್ಲಿ ಮಾಡಬಹುದಾದ್ದು ಬಹಳ. ಯಾಕೆಂದು ಶುಲ್ಕದ ಲೆಕ್ಕ ನೋಡಿದರೆ ತಿಳಿಯುತ್ತದೆ.

2014ರಲ್ಲಿ ನಿಗದಿಯಾದ ದರದಂತೆ, ಕಡತ ಕಂಪನಿಗೆ ಬಂದ ಕೂಡಲೇ 75 ಪೌಂಡ್. ಏಜೆಂಟ್ ಮನೆಗೆ ಹೊರಟರೆ ಇನ್ನೂ 235 ಪೌಂಡ್, ಬಾಕಿ 1,500 ಪೌಂಡ್ ದಾಟಿದ್ದರೆ ದಾಟಿದ ಭಾಗದ ಮೇಲೆ ಶೇ. 7.5 ಬೇರೆ. ಸಾಮಾನು ಸಾಗಿಸಿ ಮಾರುವ ಹಂತಕ್ಕೆ ಹೋದರೆ 110 ಪೌಂಡ್, ಅದರ ಮೇಲೂ ಅದೇ ಶೇಕಡಾವಾರು. 900 ಪೌಂಡ್ ಬಾಕಿ, ಕೋರ್ಟ್ ಖರ್ಚು ನೂರು ಅಂದುಕೊಳ್ಳಿ. ಕಂಪನಿಯ ಮೊದಲ ಪತ್ರ ಬಂದ ವಾರದಲ್ಲಿ ಫೋನ್ ಮಾಡಿ ಕಂತು ಗೊತ್ತುಮಾಡಿಕೊಂಡವರು ಕಟ್ಟುವುದು 1,075. ಸುಮ್ಮನೆ ಕೂತವರದ್ದು 1,310. ಬೇಲಿಫ್ ಗಂಟೆ ಒತ್ತಿ, ಯಾರೂ ಬಾಗಿಲು ತೆಗೆಯದೆ ವಾಪಸು ಹೋದರೂ ಆ 235 ಬಿದ್ದೇ ಬೀಳುತ್ತದೆ. ಪತ್ರದಲ್ಲಿರುವ ಅಂಕಿಯನ್ನು ಸರ್ಕಾರಿ ಜಾಲತಾಣದಲ್ಲಿ ಆ ಹೊತ್ತಿಗೆ ಇರುವ ದರದ ಜೊತೆ ತಾಳೆ ನೋಡಿ. ಪಟ್ಟಿಯಲ್ಲಿಲ್ಲದ ‘ಭೇಟಿ ಶುಲ್ಕ’, ‘ಪತ್ರದ ಶುಲ್ಕ’ ಕಂಡರೆ ಲೆಕ್ಕವನ್ನು ಬರಹದಲ್ಲಿ ಕೇಳಿ.

ಆ ಮೊದಲ ಪತ್ರಕ್ಕೆ ‘ನೋಟಿಸ್ ಆಫ್ ಎನ್‌ಫೋರ್ಸ್‌ಮೆಂಟ್’ ಎಂದು ಹೆಸರು. ಭಾನುವಾರ ಮತ್ತು ಬ್ಯಾಂಕ್ ರಜೆ ಬಿಟ್ಟು ಪೂರ್ತಿ ಏಳು ದಿನದ ಅವಧಿ ಕೊಡಲೇಬೇಕು. ಕಂಪನಿಯವರು ಕೇಳುವುದು ಮೂರು ತಿಂಗಳಲ್ಲಿ ಮುಗಿಸಿ ಎಂದು. ಆಗುವುದಿಲ್ಲವಾದರೆ ತಿಂಗಳ ಆದಾಯ, ಬಾಡಿಗೆ, ಗ್ಯಾಸು, ಬಸ್ಸು, ಮಕ್ಕಳ ಖರ್ಚು ಎಲ್ಲ ಬರೆದ ಒಂದು ಪುಟದ ಲೆಕ್ಕ ಕಳಿಸಿ ನಿಮ್ಮ ಕೈಲಾದ ಕಂತನ್ನು ಹೇಳಿ. ದೊಡ್ಡ ಮಾತು ಕೊಟ್ಟು ಎರಡನೇ ಕಂತಿಗೇ ಮುಗ್ಗರಿಸುವುದು ನಮ್ಮವರ ಹಳೇ ಚಾಳಿ. ಮರ್ಯಾದೆಗೆ ಅಂಜಿ ತಿಂಗಳಿಗೆ 400 ಎಂದು ಒಪ್ಪಿಕೊಳ್ಳುತ್ತಾರೆ. ಕೊಡಲಾಗುವುದು 120. ಕಂತು ಮುರಿದರೆ ಮುಂದಿನ ಹಂತದ ಶುಲ್ಕ ಕಾದಿರುತ್ತದೆ, 120 ಎಂದೇ ಹೇಳಿ. ಅದೇ ವಾರದಲ್ಲಿ ಕೌನ್ಸಿಲ್‌ಗೂ ಬರೆಯಿರಿ. ಕಡತ ಕಂಪನಿಗೆ ಹೋಗಿದೆ, ಅವರ ಹತ್ತಿರವೇ ಮಾತಾಡಿ ಎಂಬ ಉತ್ತರ ಬರುವುದೇ ಹೆಚ್ಚು. ಆದರೂ ಸಾಲ ಕೌನ್ಸಿಲ್‌ನದ್ದು, ಏಜೆಂಟರ ನಡವಳಿಕೆಗೆ ಕೊನೆಗೆ ಹೊಣೆಯೂ ಅದರದ್ದೇ.

ಇನ್ನು ಬಾಗಿಲಿನ ವಿಷಯ. ಕೌನ್ಸಿಲ್ ಟ್ಯಾಕ್ಸ್ ಬಾಕಿಗಾಗಿ ಮೊದಲ ಸಲ ಬಂದ ಬೇಲಿಫ್ ಬಲವಂತವಾಗಿ ಒಳಗೆ ನುಗ್ಗುವಂತಿಲ್ಲ. ಬೀಗ ಒಡೆಸುವಂತಿಲ್ಲ, ಕಿಟಕಿ ಹತ್ತುವಂತಿಲ್ಲ, ನಿಮ್ಮನ್ನು ತಳ್ಳಿಕೊಂಡು ಬರುವಂತಿಲ್ಲ, ಬಾಗಿಲಿಗೆ ಕಾಲು ಅಡ್ಡ ಕೊಡುವಂತಿಲ್ಲ. ಬೆಳಗ್ಗೆ 6ರ ಮೊದಲು, ರಾತ್ರಿ 9ರ ಮೇಲೆ ಬರುವಂತಿಲ್ಲ. ಮನೆಯಲ್ಲಿ 16 ವರ್ಷದೊಳಗಿನ ಮಕ್ಕಳು ಮಾತ್ರ ಇದ್ದರೆ ಕಾಲಿಡುವಂತಿಲ್ಲ. ಆದರೆ ಚಿಲಕ ಹಾಕದ ಬಾಗಿಲನ್ನು ತೆರೆದು ಒಳಗೆ ಬರಬಹುದು. ಹಿತ್ತಲ ಬಾಗಿಲಿಗೂ ಈ ಮಾತು ಅನ್ವಯ.

ನಮ್ಮ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲೇ. ಬಾಗಿಲಿಗೆ ಬಂದವರನ್ನು ಹೊರಗೆ ನಿಲ್ಲಿಸಿ ಮಾತಾಡುವುದು ನಮಗೆ ಬಾರದ ವಿದ್ಯೆ. ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಮಗ ಸೊಸೆ ಕೆಲಸಕ್ಕೆ ಹೋಗಿರುತ್ತಾರೆ. ಗಂಟೆ ಬಾರಿಸಿದವರು ಸೂಟು ಹಾಕಿಕೊಂಡು, ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡು, ನಗುತ್ತ ಮಗನ ಹೆಸರು ಹೇಳುತ್ತಾರೆ. ‘ಬನ್ನಿ, ಕೂತ್ಕೊಳ್ಳಿ, ಫೋನ್ ಮಾಡ್ತೀನಿ’ ಎಂದು ಅಮ್ಮ ಸೋಫಾ ತೋರಿಸುತ್ತಾರೆ. ಕಾಫಿಗೆ ನೀರಿಡುವಷ್ಟರಲ್ಲಿ ಆತ ಟೀವಿ, ಮೈಕ್ರೊವೇವ್ ಓವನ್, ಗೋಡೆ ಪಕ್ಕದ ಸೈಕಲ್ ಎಣಿಸಿ ಪಟ್ಟಿ ಬರೆಯಲು ಶುರು ಮಾಡಿರುತ್ತಾನೆ. ಇದು ಸಮಾಧಾನದಿಂದ ಆದ ಪ್ರವೇಶ, ಕಾನೂನಿಗೆ ಪೂರ್ತಿ ಒಪ್ಪಿತ. ಆಮೇಲೆ ಮಗ ಬಂದು ‘ಕಂಟ್ರೋಲ್ಡ್ ಗೂಡ್ಸ್ ಅಗ್ರಿಮೆಂಟ್’ ಎಂಬ ಕಾಗದಕ್ಕೆ ಸಹಿ ಹಾಕಿದನೆಂದರೆ ಆಟದ ನಿಯಮವೇ ಬದಲಾಯಿತು. ಪಟ್ಟಿಯ ಸಾಮಾನು ಮನೆಯಲ್ಲೇ ಇರುತ್ತದೆ, ಕಂತು ತಪ್ಪಿದರೆ ಮಾತ್ರ ನೋಟಿಸ್ ಕೊಟ್ಟು ಮತ್ತೆ ಬರುತ್ತಾರೆ. ಆ ಸಲ ಬಲ ಬಳಸಿ ಬಾಗಿಲು ತೆರೆಸಲು ಅವರಿಗೆ ಹಕ್ಕಿದೆ. ಮನೆಯಲ್ಲಿ ಹಿರಿಯರಿದ್ದರೆ ಅವರಿಗೆ ಮೊದಲೇ ಹೇಳಿಡಿ: ಬಾಗಿಲು ತೆರೆಯಬೇಡಿ, ಕಿಟಕಿಯಿಂದ ‘ಮನೆಯವರಿಲ್ಲ, ಪತ್ರ ಹಾಕಿ ಹೋಗಿ’ ಎನ್ನಿ. ಇದು ಅಸಭ್ಯತೆಯಲ್ಲ. ನಾಲ್ಕು ಸಲ ಹೇಳಿಕೊಟ್ಟರೂ ಐದನೇ ಸಲ ‘ಬನ್ನಿ’ ಎಂದುಬಿಡುವ ತಾಯಂದಿರ ಬಗ್ಗೆ ನನಗೆ ಕನಿಕರವೇ ಇದೆ.

ಬಂದವರು ನಿಜವಾಗಿ ಬೇಲಿಫ್ ಹೌದೋ ಅಲ್ಲವೋ ನೋಡುವುದು ಸುಲಭ. ಇವರಿಗೆ ಕೌಂಟಿ ಕೋರ್ಟಿನ ಪ್ರಮಾಣಪತ್ರ ಇರಬೇಕು, ಹೆಸರು ಸರ್ಕಾರದ ಸಾರ್ವಜನಿಕ ಪಟ್ಟಿಯಲ್ಲಿ ಇರಬೇಕು. ಗುರುತಿನ ಚೀಟಿಯನ್ನು ಕಿಟಕಿಗೆ ಹಿಡಿದು ತೋರಿಸಿ ಎನ್ನಿ, ಫೋನಿನಲ್ಲಿ ಹುಡುಕಿ ನೋಡಿ. ಅವರ ಎದೆಯ ಮೇಲಿನ ಕ್ಯಾಮೆರಾ ಸಾಮಾನ್ಯವಾಗಿ ಎಲ್ಲವನ್ನೂ ದಾಖಲು ಮಾಡುತ್ತಿರುತ್ತದೆ. ನೀವೂ ನಿಮ್ಮ ಫೋನಿನಲ್ಲಿ ಚಿತ್ರೀಕರಿಸಬಹುದು. ‘ಪೊಲೀಸರನ್ನು ಕರೆಸುತ್ತೇನೆ’ ಎಂದು ಹೆದರಿಸಿದರೆ ಕರೆಸಲಿ. ಇದು ಸಿವಿಲ್ ಬಾಕಿ, ಪೊಲೀಸರು ಬಂದರೂ ಶಾಂತಿಭಂಗ ಆಗದಂತೆ ನೋಡುವುದಷ್ಟೇ ಅವರ ಕೆಲಸ.

ಏನೇನು ಒಯ್ಯಬಹುದು? ಸಾಲಗಾರರಿಗೆ ಸೇರಿದ, ಮಾರಿದರೆ ದುಡ್ಡು ಬರುವ ವಸ್ತು. ಮನೆಮಂದಿಗೆ ಬೇಕಾದ ಹಾಸಿಗೆ, ಊಟದ ಮೇಜು ಕುರ್ಚಿ, ಫ್ರಿಜ್, ಬಟ್ಟೆ ಒಗೆಯುವ ಯಂತ್ರ, ಅಡುಗೆಯ ಒಲೆ ಅಥವಾ ಮೈಕ್ರೊವೇವ್ (ಎರಡರಲ್ಲಿ ಒಂದು ಮಾತ್ರ), ಒಂದು ಫೋನ್, ಔಷಧದ ಸಲಕರಣೆ, ಸಾಕಿದ ನಾಯಿ ಬೆಕ್ಕು ಮುಟ್ಟುವಂತಿಲ್ಲ. ಕೆಲಸಕ್ಕೆ ಅಥವಾ ಓದಿಗೆ ಬೇಕಾದ ಉಪಕರಣ, ಪುಸ್ತಕ, ಕಂಪ್ಯೂಟರ್‌ಗಳು ಒಟ್ಟು 1,350 ಪೌಂಡ್ ಬೆಲೆಯವರೆಗೆ ಸುರಕ್ಷಿತ. ದೇವರ ಮನೆಯ ಬೆಳ್ಳಿ ದೀಪ, ತಟ್ಟೆಗೆ ಈ ಪಟ್ಟಿಯಲ್ಲಿ ಜಾಗವಿಲ್ಲ. ಚಿನ್ನಕ್ಕೂ ಇಲ್ಲ. ಆದರೆ ಅಮ್ಮ ಊರಿಂದ ತಂದ ಒಡವೆ ಅಮ್ಮನದ್ದು, ಕೋಣೆ ಹಂಚಿಕೊಂಡಿರುವ ಗೆಳೆಯನ ಟೀವಿ ಗೆಳೆಯನದ್ದು. ಬೇರೆಯವರ ವಸ್ತು ಒಯ್ಯುವಂತಿಲ್ಲ, ರಸೀದಿಯಿದ್ದರೆ ಗೊಂದಲ ಬೇಗ ಬಗೆಹರಿಯುತ್ತದೆ.

ಬಾಗಿಲು ಭದ್ರವಾಗಿದ್ದರೂ ಕಾರು ಬೀದಿಯಲ್ಲಿರುತ್ತದಲ್ಲ! ಬೇಲಿಫ್‌ಗೆ ನಿಜವಾದ ಹಿಡಿತ ಸಿಗುವುದು ಅಲ್ಲಿ. ಮನೆ ಮುಂದಿನ ಡ್ರೈವ್‌ವೇನಲ್ಲೋ ರಸ್ತೆಯಲ್ಲೋ ನಿಂತ ಕಾರಿಗೆ ಕ್ಲ್ಯಾಂಪ್ (ಚಕ್ರ ತಿರುಗದಂತೆ ಮಾಡುವ ಬೀಗ) ಹಾಕಲು ಒಳಗೆ ಬರುವ ಅಗತ್ಯವೇ ಇಲ್ಲ. ಹೈರ್ ಪರ್ಚೇಸ್ ಅಥವಾ ಪಿಸಿಪಿ ಎಂಬ ಕಂತಿನ ಒಪ್ಪಂದದ ಮೇಲೆ ತಂದ ಕಾರು ಫೈನಾನ್ಸ್ ಕಂಪನಿಯದ್ದು. ಆ ಒಪ್ಪಂದದ ಪ್ರತಿಯನ್ನು ಫೋನಿನಲ್ಲಿ ಇಟ್ಟುಕೊಂಡಿರಿ. ಅಂಗವಿಕಲರ ಬ್ಲೂ ಬ್ಯಾಡ್ಜ್ ಇರುವ, ಆ ಕಾರಣಕ್ಕೇ ಬಳಸುವ ಕಾರನ್ನೂ ಮುಟ್ಟುವಂತಿಲ್ಲ.

ವಿದ್ಯಾರ್ಥಿಗಳ ಕಥೆ ಬೇರೆಯೇ. ಪೂರ್ಣಾವಧಿ ಓದುವವರು ಮಾತ್ರ ಇರುವ ಮನೆಗೆ ಕೌನ್ಸಿಲ್ ಟ್ಯಾಕ್ಸ್ ಇಲ್ಲ. ಆದರೆ ವಿನಾಯಿತಿ ಇರುವುದು ಕೋರ್ಸ್ ಮುಗಿಯುವ ದಿನದವರೆಗೆ. ಮಾಸ್ಟರ್ಸ್ ಸೆಪ್ಟೆಂಬರಿನಲ್ಲಿ ಮುಗಿಯಿತು, ಪದವಿ ಪ್ರದಾನ ಇನ್ನೂ ಆಗಿಲ್ಲ, ಹುಡುಗ ಗ್ರ್ಯಾಜುಯೇಟ್ ವೀಸಾದ ಮೇಲೆ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತ ಕೆಲಸ ಹುಡುಕುತ್ತಿದ್ದಾನೆ. ತೆರಿಗೆ ಶುರುವಾಗಿಬಿಟ್ಟಿದೆ, ಬಿಲ್ಲು ಹಳೇ ವಿಳಾಸಕ್ಕೆ ಹೋಗಿದೆ. ಇನ್ನೊಂದು ಸಂದರ್ಭ: ಹೆಂಡತಿ ಓದುತ್ತಾಳೆ, ಗಂಡ ಡಿಪೆಂಡೆಂಟ್ ವೀಸಾದಲ್ಲಿ ಬಂದು ಕೆಲಸ ಮಾಡುತ್ತಾನೆ. ಗಂಡ ಬ್ರಿಟಿಷ್ ಪ್ರಜೆಯಲ್ಲದೆ, ಸಾರ್ವಜನಿಕ ನಿಧಿ (ಸರ್ಕಾರಿ ನೆರವು) ಬಳಸಬಾರದೆಂಬ ಷರತ್ತು ಅವನ ವೀಸಾದ ಮೇಲಿದ್ದರೆ, ಆತ ಕೆಲಸ ಮಾಡುತ್ತಿದ್ದರೂ ನಿಯಮದ ಪ್ರಕಾರ ಮನೆಗೆ ವಿನಾಯಿತಿ ಇದೆ. ವಿಶ್ವವಿದ್ಯಾಲಯದ ಪತ್ರವನ್ನು ಕೌನ್ಸಿಲ್‌ಗೆ ಕೊಡದೆ ಪೂರ್ತಿ ಬಿಲ್ಲಿನ ಬಾಕಿ ಹೊತ್ತವರನ್ನು ನೋಡಿದ್ದೇನೆ. ಬೇಲಿಫ್ ಹಂತಕ್ಕೆ ಬಂದಮೇಲೂ ಪತ್ರ ಕೊಟ್ಟರೆ ಬಿಲ್ಲು ಹಿಂದಿನ ದಿನಾಂಕದಿಂದ ತಿದ್ದಿಸಬಹುದು, ಕೆಲವೊಮ್ಮೆ ಬಾಕಿಯೇ ಉಳಿಯುವುದಿಲ್ಲ. ಕೌನ್ಸಿಲ್ ಒಪ್ಪದಿದ್ದರೆ, ಅಥವಾ ಎರಡು ತಿಂಗಳಾದರೂ ಉತ್ತರ ಬಾರದಿದ್ದರೆ, ಇಂಥ ತಕರಾರು ಕೇಳುವ ವ್ಯಾಲ್ಯುಯೇಷನ್ ಟ್ರಿಬ್ಯುನಲ್‌ಗೆ ಹೋಗಬಹುದು.

ವೀಸಾದವರು ಇನ್ನೊಂದು ಎಚ್ಚರ ವಹಿಸಬೇಕು. ಒಂಟಿಯಾಗಿರುವವರಿಗೆ ಸಿಗುವ ಶೇ. 25 ರಿಯಾಯಿತಿ, ವಿದ್ಯಾರ್ಥಿ ವಿನಾಯಿತಿ ಇವನ್ನು ಯಾರು ಬೇಕಾದರೂ ಕೇಳಬಹುದು. ಆದರೆ ಕಡಿಮೆ ಆದಾಯದವರಿಗೆ ಕೊಡುವ ‘ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್’ ವಲಸೆ ನಿಯಮದ ಪ್ರಕಾರ ಸಾರ್ವಜನಿಕ ನಿಧಿ. ಆ ನಿಧಿ ಬಳಸಬಾರದೆಂಬ ಷರತ್ತು ವೀಸಾದ ಮೇಲಿದ್ದರೆ ಅದಕ್ಕೆ ಅರ್ಜಿ ಹಾಕಬೇಡಿ. ಕೌನ್ಸಿಲ್ ಕೌಂಟರಿನಲ್ಲಿ ಕೂತವರು ಒಳ್ಳೆ ಮನಸ್ಸಿನಿಂದಲೇ ಆ ಫಾರಂ ಕೈಗೆ ಕೊಡುತ್ತಾರೆ. ನಿಮ್ಮ ವೀಸಾ ಷರತ್ತು ಅವರಿಗೆ ಗೊತ್ತಿರುವುದಿಲ್ಲ.

ಸಂಬಳದಾರರು ಕೇಳುವ ಪ್ರಶ್ನೆ: ಬೇಲಿಫ್ ಕಾಟಕ್ಕಿಂತ ಸಂಬಳದಲ್ಲೇ ಹಿಡಿದುಕೊಳ್ಳಲಿ ಎನ್ನಬಹುದಲ್ಲ? ಎನ್ನಬಹುದು, ಕೌನ್ಸಿಲ್‌ಗೆ ಆ ಅಧಿಕಾರ ಇದೆ. ಒಪ್ಪುವ ಮೊದಲು ಕೋಷ್ಟಕ ನೋಡಿ. ಇಂಗ್ಲೆಂಡಿನ ಕೋಷ್ಟಕದಲ್ಲಿ ಕೈಗೆ ಬರುವ ತಿಂಗಳ ಸಂಬಳ 2,020 ಪೌಂಡ್ ದಾಟಿದರೆ, ಅಷ್ಟರವರೆಗೆ ಶೇ. 17, ಅದರ ಮೇಲಿನದ್ದರಲ್ಲಿ ಅರ್ಧ. 2,800 ಪೌಂಡ್ ಪಡೆಯುವ ಐಟಿ ಹುಡುಗನಿಗೆ ಆ ತಿಂಗಳು 733 ಪೌಂಡ್ ಖೋತಾ. ಬಾಡಿಗೆ ಕಟ್ಟಲು ಕಷ್ಟವಾದೀತು. ಕಂಪನಿಯ ಸಂಬಳ ವಿಭಾಗಕ್ಕೂ ವಿಷಯ ತಿಳಿಯುತ್ತದೆ. ಸಣ್ಣ ಸಂಬಳದವರಿಗೆ ಮಾತ್ರ ಇದು ಹಲವು ಸಲ ಅನುಕೂಲವೇ, ಬೇಲಿಫ್ ಶುಲ್ಕ ಬೆಳೆಯುವುದಿಲ್ಲ.

ಕಾಯಿಲೆ, ಬಾಣಂತನ, ಮಾನಸಿಕ ಖಿನ್ನತೆ, ಇಂಗ್ಲಿಷ್ ಬಾರದಿರುವುದು, ಇತ್ತೀಚಿನ ಸಾವು: ಇಂಥದ್ದೇನಾದರೂ ಇದ್ದರೆ ಕಂಪನಿಗೂ ಕೌನ್ಸಿಲ್‌ಗೂ ಬರೆದು ತಿಳಿಸಿ. ಇಂಥವರಿಗೆ ಸಲಹೆ ಪಡೆಯಲು ಸಮಯ ಕೊಡದೆ ಮುಂದುವರಿದರೆ 235ರ ಶುಲ್ಕವನ್ನು ವಸೂಲು ಮಾಡುವಂತಿಲ್ಲ. ನಮ್ಮವರು ಇದನ್ನು ಹೇಳಿಕೊಳ್ಳುವುದಿಲ್ಲ. ಗರ್ಭಪಾತವಾದ ತಿಂಗಳಿನಲ್ಲೂ ‘ಎಲ್ಲ ಸರಿ ಇದೆ ಸರ್’ ಎಂದು ಫೋನಿನಲ್ಲಿ ಹೇಳಿಬಿಡುತ್ತಾರೆ. ಸಾಲಗಳು ಹಲವಿದ್ದರೆ 2021ರ ಮೇ ತಿಂಗಳಿಂದ ‘ಬ್ರೀದಿಂಗ್ ಸ್ಪೇಸ್’ ಎಂಬ ವ್ಯವಸ್ಥೆ ಇದೆ. ಸಾಲ ಸಲಹೆಗಾರರ ಮೂಲಕ ಅರ್ಜಿ ಹಾಕಿದರೆ 60 ದಿನ ವಸೂಲಿ ನಿಲ್ಲುತ್ತದೆ. ಸಿಟಿಜನ್ಸ್ ಅಡ್ವೈಸ್, ನ್ಯಾಷನಲ್ ಡೆಟ್‌ಲೈನ್, ಸ್ಟೆಪ್‌ಚೇಂಜ್ ಮೂರೂ ಉಚಿತ. ಸಲಹೆಗೆ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ.

ಜೈಲಿನ ಭಯ ಎಲ್ಲರಿಗೂ ಇರುತ್ತದೆ. ವೇಲ್ಸ್‌ನಲ್ಲಿ 2019ರಲ್ಲೇ ಆ ಶಿಕ್ಷೆ ರದ್ದಾಯಿತು. ಇಂಗ್ಲೆಂಡಿನ ಕಾನೂನು ಪುಸ್ತಕದಲ್ಲಿ ಗರಿಷ್ಠ ಮೂರು ತಿಂಗಳು ಎಂದು ಉಳಿದಿದೆ, ಆದರೆ ಬೇಕೆಂದೇ ಕಟ್ಟಲಿಲ್ಲ ಅಥವಾ ತಪ್ಪೆನಿಸುವಷ್ಟು ಉದಾಸೀನ ಮಾಡಿದಿರಿ ಎಂದು ಮ್ಯಾಜಿಸ್ಟ್ರೇಟರಿಗೆ ಮನವರಿಕೆಯಾಗಬೇಕು. ಸಮನ್ಸ್ ಬಂದರೆ ಹಾಜರಾಗಿ, ಲೆಕ್ಕದ ಪುಟ ಕೈಯಲ್ಲಿರಲಿ. ಲಯಬಿಲಿಟಿ ಆರ್ಡರ್ ಕ್ರೆಡಿಟ್ ದಾಖಲೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಪೌರತ್ವದ ಅರ್ಜಿಯಲ್ಲಿ ಮಾತ್ರ ನಡತೆ ನೋಡುವಾಗ ಹಣಕಾಸಿನ ವ್ಯವಹಾರವನ್ನೂ ನೋಡುತ್ತಾರೆ, ಹಾಗಾಗಿ ಕಂತಿನ ಒಪ್ಪಂದದ ಪತ್ರಗಳನ್ನು ಎಸೆಯಬೇಡಿ.

ಏಜೆಂಟ್ ಮಿತಿ ಮೀರಿದರೆ ದೂರು ಮೊದಲು ಕಂಪನಿಗೆ, ಜೊತೆಗೆ ಕೌನ್ಸಿಲ್‌ಗೆ. ಅಲ್ಲಿ ಬಗೆಹರಿಯದಿದ್ದರೆ ಇಂಗ್ಲೆಂಡಿನಲ್ಲಿ ಸ್ಥಳೀಯ ಸರ್ಕಾರದ ಓಂಬುಡ್ಸ್‌ಮನ್ (ಕೌನ್ಸಿಲ್‌ಗಳ ಮೇಲಿನ ದೂರು ವಿಚಾರಿಸುವವರು) ಇದ್ದಾರೆ. ದಿನಾಂಕ, ಹೊತ್ತು, ಏಜೆಂಟ್ ಹೆಸರು, ಆಡಿದ ಮಾತು ಅವತ್ತೇ ಬರೆದಿಟ್ಟಿರಬೇಕು.

ಇಷ್ಟೆಲ್ಲ ಹೇಳಿದ್ದು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ. ಗ್ಲಾಸ್ಗೋ, ಎಡಿನ್‌ಬರೊದಲ್ಲಿರುವವರು ಇದನ್ನು ನಂಬಿಕೊಂಡು ಕೂರಬೇಡಿ. ಸ್ಕಾಟ್ಲೆಂಡಿನಲ್ಲಿ ಬೇಲಿಫ್ ಇಲ್ಲ, ಶೆರಿಫ್ ಆಫೀಸರ್‌ಗಳಿದ್ದಾರೆ. ಸಮ್ಮರಿ ವಾರಂಟ್ (ಕೋರ್ಟಿನ ವಸೂಲಿ ಆದೇಶ) ಹೊರಟಾಗ ಬಾಕಿಯ ಮೇಲೆ ಶೇ. 10 ಸೇರುತ್ತದೆ, ನಿಯಮಗಳೂ ಬೇರೆ.