ಬೂದುಗಟ್ಟಿದ ತೇಗದ ಬಾಗಿಲು: ವಾರ್ನಿಶ್ ಹಚ್ಚುವ ಮುಂಚಿನ ಕೆಲಸ

ಪಡುವಣಕ್ಕೆ ಮುಖ ಮಾಡಿದ ತೇಗದ ಬಾಗಿಲು ಕೆಲವೇ ವರ್ಷಗಳಲ್ಲಿ ಬೂದುಗಟ್ಟುತ್ತದೆ. ಮರದ ನಾರುಗಳನ್ನು ಅಂಟಿನಂತೆ ಹಿಡಿದಿಡುವುದು ಲಿಗ್ನಿನ್. ಬಿಸಿಲಿನ ನೇರಳಾತೀತ ಕಿರಣ ಅದನ್ನು ಒಡೆಯುತ್ತದೆ, ಮಳೆ ತೊಳೆದು ಒಯ್ಯುತ್ತದೆ. ಉಳಿಯುವುದು ಸಡಿಲವಾದ ಬೂದು ನಾರು. ಹೆದರಬೇಡಿ, ಅದು ತೆಳು ಪದರ. ಉಪ್ಪುಕಾಗದದಿಂದ ಉಜ್ಜಿದರೆ ಒಳಗಿನ ಜೇನುಬಣ್ಣ ಇಣುಕುತ್ತದೆ. ಬೂದಿನ ಮೇಲೆಯೇ ವಾರ್ನಿಶ್ ಹೊಡೆದರೆ ಮಾತ್ರ ಅದು ಮರವನ್ನು ಹಿಡಿಯದೆ ಸಿಪ್ಪೆಯಂತೆ ಏಳುತ್ತದೆ.

ಒರಟಾದ 80ನೇ ನಂಬರಿನ ಕಾಗದದಿಂದ ಶುರುಮಾಡಿ 120, ಆಮೇಲೆ ನಯವಾದ 180. ನಾರು ಹರಿದ ದಿಕ್ಕಿಗೇ ಉಜ್ಜಬೇಕು. ಅಡ್ಡ ಉಜ್ಜಿದ ಗೀರು ವಾರ್ನಿಶ್ ಬಿದ್ದಮೇಲೆ ಎದ್ದು ಕಾಣುತ್ತದೆ. ಬಾಗಿಲಿಗೆ ಹಳೆಯ ಬಣ್ಣವಿದ್ದರೆ ಒಣದಾಗಿ ಉಜ್ಜಲೇಬೇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳು ಮಕ್ಕಳಿರುವ ಮನೆಗೆ ಅಪಾಯ.

ಚಿಲಕ, ಮೊಳೆಗಳ ಸುತ್ತ ಶಾಯಿ ಚೆಲ್ಲಿದಂತೆ ಕಪ್ಪು ಕಲೆ ಇದ್ದರೆ ಅದು ಕೊಳೆಯಲ್ಲ. ಮರದ ಒಗರಿನ ಅಂಶ ಒದ್ದೆ ಕಬ್ಬಿಣದ ಜೊತೆ ಸೇರಿ ಆದದ್ದು. ಬಿಸಿನೀರಲ್ಲಿ ಕರಗಿಸಿದ ಆಕ್ಸಾಲಿಕ್ ಆಮ್ಲ ಹಚ್ಚಿದರೆ ಹೋಗುತ್ತದೆ. ಅದು ವಿಷ; ಗ್ಲೌಸ್ ಹಾಕಿ, ಕೊನೆಗೆ ಎರಡು ಮೂರು ಸಲ ನೀರಿನಿಂದ ಒರೆಸಿ, ಪೂರ್ತಿ ಒಣಗಲು ಬಿಡಿ.

ಈಗ ನನಗೆ ಅತಿ ಮುಖ್ಯವೆನಿಸುವ ಮಾತು: ಬಾಗಿಲಿನ ಕೆಳಅಂಚು. ನಮ್ಮ ಮನೆಯ ಬಾಗಿಲಿಗೆ ಮೊದಲ ಸಲ ಮುಖಕ್ಕಷ್ಟೇ ವಾರ್ನಿಶ್ ಮಾಡಿದ್ದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತಳದಿಂದ ನಾಲ್ಕು ಬೆರಳು ಎತ್ತರಕ್ಕೆ ಕಪ್ಪೇರಿತ್ತು. ಬಿಜಾಗರಿ ಬಿಚ್ಚಿ ಮಲಗಿಸಿ ನೋಡಿದರೆ ಕೆಳಅಂಚು ಬೋಳು ಮರ! ನಿಂತ ಪಟ್ಟಿಗಳ ಕಡಿದ ತುದಿಯಲ್ಲಿ ಮರದ ಕೊಳವೆಗಳು ಬಾಯಿ ತೆರೆದಿರುತ್ತವೆ. ಹೊಸ್ತಿಲ ಮೇಲಿನ ನೀರನ್ನು ಬತ್ತಿ ಎಣ್ಣೆ ಎಳೆದಂತೆ ಎಳೆಯುತ್ತವೆ. ಆದ್ದರಿಂದ ಬಾಗಿಲು ಇಳಿಸದೆ ಈ ಕೆಲಸ ಮಾಡಬೇಡಿ. ತೆಳುಮಾಡಿದ ವಾರ್ನಿಶ್ಶನ್ನು ಆ ತುದಿಗೆ, ಹೀರುವುದು ನಿಲ್ಲುವವರೆಗೂ, ಮತ್ತೆ ಮತ್ತೆ ಕುಡಿಸಿ.

ಫ್ರೆಂಚ್ ಪಾಲಿಶ್ ಅಂದರೆ ಸ್ಪಿರಿಟ್‌ನಲ್ಲಿ ಕರಗಿದ ಅರಗು. ನೀರು ಬಿದ್ದರೆ ಬೆಳ್ಳಗಾಗುತ್ತದೆ, ಹೊರಬಾಗಿಲಿಗೆ ಬೇಡ. ನೇರಳಾತೀತ ಕಿರಣ ತಡೆಯುವ, ಹೊರಾಂಗಣದ ಪಿಯು (ಪಾಲಿಯುರೆಥೇನ್) ಅಥವಾ ದೋಣಿಗಳಿಗೆ ಹಚ್ಚುವ ಮರೀನ್ ವಾರ್ನಿಶ್ ಕೇಳಿ ತನ್ನಿ. ಮಳೆ ನಿಂತು ಮರ ಒಣಗಿದ ಜನವರಿ, ಫೆಬ್ರವರಿ ಒಳ್ಳೆಯ ಕಾಲ.

ಅಗಸೆ ಎಣ್ಣೆ ಹಚ್ಚುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಬೆಂಕಿಯೇ ಆಗಬಹುದು. ಬಕೆಟ್ ನೀರಿನಲ್ಲಿ ಮುಳುಗಿಸಿಡಿ.