ಗ್ರಾನೈಟ್ ಕೊಯ್ಯುವ ಮೊದಲು ಹಾಬ್ ಆರಿಸಿ

ಮನೆ ಕಟ್ಟುವವರಲ್ಲಿ ಹೆಚ್ಚಿನವರು ಒಲೆಯನ್ನು ಎಲ್ಲಕ್ಕಿಂತ ಕೊನೆಗೆ ಕೊಳ್ಳುತ್ತಾರೆ. ಗ್ರಾನೈಟ್ ಕೂತು, ಟೈಲ್ಸ್ ಅಂಟಿ, ಕಪಾಟುಗಳು ಬಂದ ಮೇಲೆ ಅಂಗಡಿಗೆ ಹೋಗಿ ಗಾಜಿನ ಹೊಳಪು ನೋಡಿ, ಬರ್ನರ್ ಎಣಿಸಿ ಒಂದು ಹಾಬ್ ತರುತ್ತಾರೆ. ಅಷ್ಟು ಹೊತ್ತಿಗೆ ಕಟ್ಟೆಯ ಎತ್ತರ, ಗೋಡೆಯೊಳಗಿನ ವೈರಿನ ದಪ್ಪ, ಗ್ಯಾಸ್ ಪೈಪ್ ಬರುವ ದಾರಿ ಎಲ್ಲವೂ ತೀರ್ಮಾನವಾಗಿರುತ್ತದೆ. ಹಾಬ್ ಅದಕ್ಕೆ ಹೊಂದದಿದ್ದರೆ ದಿನಾ ಅಡುಗೆ ಮಾಡುವವರ ಭುಜಕ್ಕೂ ಸೊಂಟಕ್ಕೂ ಅದು ವರ್ಷಗಟ್ಟಲೆ ಕಾಟ. ಮೊದಲು ನಿಮ್ಮ ಪಾತ್ರೆ, ಆಮೇಲೆ ಒಲೆ, ಅದಾದ ಮೇಲೆ ಕಲ್ಲು. ಈ ಕ್ರಮ ತಪ್ಪಬಾರದು.

ಮಾತಿನಲ್ಲಿ ಎಲ್ಲವನ್ನೂ ಹಾಬ್ ಎನ್ನುತ್ತಾರೆ, ಆದರೆ ವಸ್ತು ಎರಡು. ಕಟ್ಟೆಯ ಮೇಲೆ ಕಾಲೂರಿ ನಿಲ್ಲುವುದು ಮಾಮೂಲಿ ಸ್ಟೌ. ಕಲ್ಲು ಕೊಯ್ದು ಅದರೊಳಗೆ ಇಳಿಸುವುದು ಹಾಬ್. ಇವೆರಡರ ನಡುವಿನ ಮುಖ್ಯ ವ್ಯತ್ಯಾಸ ಅಂದ ಅಲ್ಲ, ಎತ್ತರ. ಸ್ಟೌನ ಪಾತ್ರೆ ಕೂರುವ ಜಾಗ ಕಲ್ಲಿನಿಂದ 10–12 ಸೆಂ.ಮೀ. ಮೇಲಿರುತ್ತದೆ, ಹಾಬ್‌ನದು ಸುಮಾರು 5 ಸೆಂ.ಮೀ. ಐದು ಅಡಿ ಎತ್ತರದವರ ಮೊಣಕೈ ನೆಲದಿಂದ ಹೆಚ್ಚುಕಡಿಮೆ 95 ಸೆಂ.ಮೀ. ಎತ್ತರದಲ್ಲಿರುತ್ತದೆ. 34 ಇಂಚಿನ, ಅಂದರೆ 86 ಸೆಂ.ಮೀ. ಕಟ್ಟೆಯ ಮೇಲೆ ಸ್ಟೌ ಇಟ್ಟರೆ ಪಾತ್ರೆಯ ತಳವೇ 97ಕ್ಕೆ ಹೋಗುತ್ತದೆ. ಅದರ ಮೇಲೆ ಒಂದು ಗೇಣು ಎತ್ತರದ ಸಾರಿನ ಪಾತ್ರೆ ಇಟ್ಟರೆ ಸೌಟು ಆಡಿಸಲು ಕೈಯನ್ನು ಭುಜದ ಮಟ್ಟಕ್ಕೆ ಎತ್ತಬೇಕು, ಒಳಗೆ ಕುದಿಯುವುದು ಕಾಣುವುದೂ ಇಲ್ಲ. ಹಾಗಾಗಿ ಸ್ಟೌ ಇಡುವುದಾದರೆ ಆ ಭಾಗದ ಕಟ್ಟೆಯನ್ನು 30 ಇಂಚಿಗೆ ಇಳಿಸಿ, ಹಾಬ್ ಆದರೆ 33–34 ಇರಲಿ. ಮನೆಯಲ್ಲಿ ಹೆಚ್ಚು ಹೊತ್ತು ಅಡುಗೆ ಮಾಡುವವರನ್ನು ನಿಲ್ಲಿಸಿ ಮೊಣಕೈ ಅಳೆದೇ ಮೇಸ್ತ್ರಿಗೆ ಲೆಕ್ಕ ಕೊಡಿ.

ಇನ್ನು ಪಾತ್ರೆ. ನಿಮ್ಮ ಮನೆಯ ಅತಿ ದೊಡ್ಡ ಕುಕ್ಕರ್ ಮತ್ತು ದೋಸೆ ಕಾವಲಿಯ ಅಡ್ಡಗಲ ಅಳೆಯಿರಿ. ಕುಕ್ಕರ್ 26 ಸೆಂ.ಮೀ., ಕಾವಲಿ 30 ಸೆಂ.ಮೀ. ಎಂದಿಟ್ಟುಕೊಳ್ಳಿ. ಎರಡೂ ಒಟ್ಟಿಗೆ ಕೂರಬೇಕಾದರೆ ಎರಡು ಬರ್ನರ್‌ಗಳ ನಡುಬಿಂದುಗಳ ಮಧ್ಯೆ ಕನಿಷ್ಠ 28 ಸೆಂ.ಮೀ. ಬೇಕು, ಹಿಡಿಕೆಗೂ ಇಕ್ಕಳಕ್ಕೂ ಜಾಗ ಸೇರಿಸಿದರೆ 30. ಈಗ 60 ಸೆಂ.ಮೀ. ಅಗಲ, 52 ಸೆಂ.ಮೀ. ಆಳದ ನಾಲ್ಕು ಬರ್ನರ್ ಹಾಬ್ ನೋಡಿ. ಮುಂದಿನ ಮತ್ತು ಹಿಂದಿನ ಬರ್ನರ್ ನಡುವೆ 30 ಸೆಂ.ಮೀ. ಬಿಡಲು ಅಲ್ಲಿ ಆಳವೇ ಇಲ್ಲ. ನಾಲ್ಕು ಉರಿಗೆ ದುಡ್ಡು ಕೊಟ್ಟು ಒಂದು ಹೊತ್ತಿಗೆ ಎರಡನ್ನೇ ಬಳಸುವಂತಾಗುತ್ತದೆ, ಹಿಂದಿನ ಉರಿಗೆ ಕೈ ಚಾಚುವಾಗ ಮುಂದಿನ ಪಾತ್ರೆಯ ಹಬೆ ಮೊಣಕೈಗೆ ಬಡಿಯುತ್ತದೆ. ನಾಲ್ಕೈದು ಜನರ ಮನೆಗೆ 75–80 ಸೆಂ.ಮೀ. ಅಗಲದ ಮೂರು ಬರ್ನರ್ ಹಾಬ್ ಇದಕ್ಕಿಂತ ಎಷ್ಟೋ ಮೇಲು. ಇಬ್ಬರೇ ಇದ್ದರೆ ಎರಡು ಬರ್ನರ್ ಧಾರಾಳವಾಗಿ ಸಾಕು. ಅಂಗಡಿಗೆ ಹೋಗುವಾಗ ಕಾವಲಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಮುದ್ದೆ ಮಾಡುವ ಮನೆಯಾದರೆ ಇನ್ನೊಂದು ಪರೀಕ್ಷೆ ಉಂಟು. ಕೋಲು ಹಾಕಿ ಹಿಟ್ಟು ತಿರುವುವಾಗ ಪಾತ್ರೆಯ ಮೇಲೆ ಬೀಳುವ ಅಡ್ಡಬಲ ದೊಡ್ಡದು. ಕವೆಗೋಲಿನಿಂದ ಅದುಮಿ ಹಿಡಿದರೂ ನುಣುಪಾದ ತೆಳು ತಂತಿಯ ಆಸರೆಯ ಮೇಲೆ ಪಾತ್ರೆ ಜಾರುತ್ತದೆ. ಬೀಡು ಕಬ್ಬಿಣದ, ತೂಕವಾದ, ಗಾಜಿನ ಗುಳಿಯಲ್ಲಿ ಕಚ್ಚಿ ಕೂರುವ ಆಸರೆ ಆರಿಸಿ. ಕೈಯಿಂದ ಅಲುಗಾಡಿಸಿದರೆ ಅದು ಸರಿಯಬಾರದು. ಇಂಥ ಆಸರೆ ಇದ್ದರೂ ಗಾಜಿನ ಹಾಬ್ ಆದರೆ ಮುದ್ದೆಯನ್ನು ಕೆಳಗಿಳಿಸಿ ನೆಲದ ಮೇಲೆ ತಿರುವುವುದೇ ಕ್ಷೇಮ. ಹಾಗೆಯೇ ಒಗ್ಗರಣೆ ಸೌಟು, ಕಾಫಿಗೆ ಹಾಲು ಕಾಯಿಸುವ ಪುಟ್ಟ ಪಾತ್ರೆ ಆಸರೆಯ ಬೆರಳುಗಳ ನಡುವೆ ವಾಲದೆ ನಿಲ್ಲುತ್ತವೆಯೇ ನೋಡಿ.

ಉರಿಯ ಶಕ್ತಿಯನ್ನು ಕಿಲೋವ್ಯಾಟ್‌ನಲ್ಲಿ ಬರೆದಿರುತ್ತಾರೆ. ಸಣ್ಣದು 1, ನಡುವಿನದು 1.75, ದೊಡ್ಡದು 3, ಮೂರು ಸುತ್ತಿನ ಬರ್ನರ್ 4ರ ಆಸುಪಾಸು. ದೊಡ್ಡ ಅಂಕಿಗೆ ಮರುಳಾಗಬೇಡಿ. ಹತ್ತು ಲೀಟರ್ ಕುಕ್ಕರ್‌ಗೆ 3 ಕಿಲೋವ್ಯಾಟ್ ಸಾಕು. ಅದಕ್ಕಿಂತ ಮುಖ್ಯವಾದದ್ದು ಎಷ್ಟು ಸಣ್ಣ ಉರಿಗೆ ಇಳಿಯುತ್ತದೆ ಎಂಬುದು. ಪಾಯಸ, ತೊಗರಿಬೇಳೆ ಕಟ್ಟು, ಕೆನೆ ಕಟ್ಟುವ ಹಾಲು, ಎಲ್ಲಕ್ಕೂ ಬೇಕಾದದ್ದು ಆರದೆ ನಿಲ್ಲುವ ಸಣ್ಣ ಉರಿ. ಲೆಕ್ಕಕ್ಕೆ ಹೇಳುವುದಾದರೆ 14.2 ಕಿಲೋ ಸಿಲಿಂಡರ್‌ನಲ್ಲಿ ಸುಮಾರು 180 ಕಿಲೋವ್ಯಾಟ್ ಗಂಟೆಯಷ್ಟು ಶಾಖವಿದೆ. 3 ಕಿಲೋವ್ಯಾಟ್ ಬರ್ನರ್ ಪೂರ್ತಿ ಉರಿಯಲ್ಲಿ ಅದನ್ನು 60 ಗಂಟೆಯಲ್ಲಿ ಮುಗಿಸುತ್ತದೆ. ಉರಿ ಪಾತ್ರೆಯ ತಳ ದಾಟಿ ಅಂಚಿನಲ್ಲಿ ಮೇಲೇರುತ್ತಿದ್ದರೆ ಆ ಶಾಖ ಅಡುಗೆಗಲ್ಲ, ಅಡುಗೆಮನೆಗೆ. ಎಲ್‌ಪಿಜಿ ಒಲೆಗೆ ಭಾರತೀಯ ಮಾನಕವಾದ ಐಎಸ್ 4246ರ ಗುರುತು ಇರಲೇಬೇಕು.

ಗಾಜೋ ಸ್ಟೀಲೋ ಎಂಬ ಪ್ರಶ್ನೆಗೆ ನಮ್ಮ ಉತ್ತರ ನೇರ. ದಿನಕ್ಕೆ ಎರಡು ಹೊತ್ತು ದೊಡ್ಡ ಅಡುಗೆ, ದೊಡ್ಡ ಪಾತ್ರೆ ಇರುವ ಮನೆಗೆ ಸ್ಟೀಲ್. ಟಫನ್ಡ್ ಗಾಜು ಒರೆಸಲು ಸುಲಭ, ಆದರೆ ಅದು ಒಡೆಯುವ ರೀತಿ ಗೊತ್ತಿರಬೇಕು. ಅದರ ಬಲ ಮೈಮೇಲಿನ ಒತ್ತಡದಲ್ಲಿದೆ, ದುರ್ಬಲ ಜಾಗ ಅಂಚು. ಅಂಚಿಗೆ ಕುಕ್ಕರ್ ತಗುಲಿ ಕಾಣದಷ್ಟು ಸಣ್ಣ ಚೂರು ಎದ್ದಿದ್ದರೂ ಮುಂದೊಂದು ದಿನ ಕಾವಿಗೆ ಇಡೀ ಗಾಜು ಕಲ್ಲುಸಕ್ಕರೆಯಂತೆ ಪುಡಿಯಾಗುತ್ತದೆ. ಕಾದ ಬಾಣಲೆಯನ್ನು ಗಾಜಿನ ಮೇಲೆ ಇಳಿಸುವುದು, ಬಿಸಿ ಗಾಜಿಗೆ ಒದ್ದೆ ಬಟ್ಟೆ ಹಾಕುವುದು, ಎರಡು ಬರ್ನರ್ ಮೇಲೆ ಅಗಲವಾದ ಒಂದೇ ಹಂಡೆ ಇಟ್ಟು ಶಾಖ ಕೆಳಕ್ಕೆ ಹೊಡೆಯುವಂತೆ ಮಾಡುವುದು, ಬರ್ನರ್ ಮುಚ್ಚಳ ಓರೆಯಾಗಿ ಕೂತು ಉರಿ ಪಕ್ಕಕ್ಕೆ ನುಗ್ಗುವುದು, ಇವೂ ಕಾರಣಗಳೇ. ಗಾಜೇ ಬೇಕೆಂದರೆ 8 ಮಿ.ಮೀ. ದಪ್ಪದ್ದು, ಅಂಚಿಗೆ ಲೋಹದ ಪಟ್ಟಿ ಇರುವುದು ತೆಗೆದುಕೊಳ್ಳಿ.

ಹೆಚ್ಚು ಜನ ಕೇಳದ, ಆದರೆ ಹಾಬ್ ಬಂದ ಮೇಲೆ ಅತಿ ಹೆಚ್ಚು ತಲೆನೋವು ಕೊಡುವ ವಿಷಯ ಗಾಳಿ. ಗ್ಯಾಸ್ ಜೆಟ್‌ನಿಂದ, ಅಂದರೆ ಸಣ್ಣ ತೂತಿನ ಮೂತಿಯಿಂದ, ಚಿಮ್ಮಿದಾಗ ಪಕ್ಕದ ಗಾಳಿಯನ್ನು ಎಳೆದುಕೊಂಡು ಬರ್ನರ್ ಸೇರುತ್ತದೆ. ಕೆಲವು ಹಾಬ್‌ಗಳು ಆ ಗಾಳಿಯನ್ನು ಗಾಜಿನ ಮೇಲಿನಿಂದ ತೆಗೆದುಕೊಳ್ಳುತ್ತವೆ. ಹಿತ್ತಾಳೆ ಬರ್ನರ್, ಉದ್ದ ಮಿಶ್ರಣ ಕೊಳವೆ ಇರುವ ಹಲವು ಮಾದರಿಗಳು ಕೆಳಗಿನಿಂದ, ಅಂದರೆ ಕಪಾಟಿನೊಳಗಿನಿಂದ ತೆಗೆದುಕೊಳ್ಳುತ್ತವೆ. ಕಪಾಟನ್ನು ಬಿಗಿಯಾಗಿ ಮುಚ್ಚಿದ್ದರೆ ಗಾಳಿ ಸಾಲದೆ ಉರಿ ಹಳದಿಯಾಗಿ ಪಾತ್ರೆಯ ತಳ ಮಸಿ ಹಿಡಿಯುತ್ತದೆ. ಡ್ರಾಯರ್ ಫಟ್ಟನೆ ಮುಚ್ಚಿದರೆ ಒಳಗಿನ ಗಾಳಿ ಒತ್ತಿ ಸಣ್ಣ ಉರಿ ಆರಿಹೋಗುತ್ತದೆ. ರಿಪೇರಿಯವರು ಬಂದು ಜೆಟ್ ಬದಲಿಸುತ್ತಾರೆ, ರೋಗ ಅಲ್ಲಿಲ್ಲ. ಕೊಳ್ಳುವ ಮೊದಲೇ ಗಾಳಿ ಎಲ್ಲಿಂದ ಎಂದು ಕೇಳಿ. ಕೆಳಗಿನಿಂದ ಆದರೆ ಕಪಾಟಿನ ಹಿಂಭಾಗದಲ್ಲಿ ಎರಡು ಅಂಗೈ ಅಗಲದಷ್ಟು ಜಾಲರಿ ಬಿಡಿಸಿ, ಹಾಬ್ ತಳಕ್ಕೂ ಮೊದಲ ಡ್ರಾಯರ್‌ಗೂ ನಡುವೆ ಕೆಲವು ಇಂಚು ಖಾಲಿ ಇರಲಿ.

ಉರಿ ಆರಿದರೆ ಗ್ಯಾಸ್ ತಾನಾಗಿ ನಿಲ್ಲಿಸುವ ಸುರಕ್ಷತಾ ಸಾಧನವನ್ನು ಅಂಗಡಿಯಲ್ಲಿ ಎಫ್‌ಎಫ್‌ಡಿ ಎನ್ನುತ್ತಾರೆ. ಬರ್ನರ್ ಪಕ್ಕದ ಸಣ್ಣ ಕಡ್ಡಿ ಕಾದಾಗ ಕೆಲವೇ ಮಿಲಿವೋಲ್ಟ್ ವಿದ್ಯುತ್ ಹುಟ್ಟಿ ಒಳಗಿನ ಕವಾಟವನ್ನು ತೆರೆದು ಹಿಡಿದಿರುತ್ತದೆ. ಹಾಲು ಉಕ್ಕಿ ಉರಿ ಆರಿದರೆ ಕಡ್ಡಿ ತಣ್ಣಗಾಗಿ ಕವಾಟ ಮುಚ್ಚುತ್ತದೆ. ಇದಕ್ಕೆ ಹೊರಗಿನ ಕರೆಂಟ್ ಬೇಡ. ವಯಸ್ಸಾದವರು ಇರುವ ಮನೆಯಲ್ಲಿ, ಕಿಟಕಿ ಪಕ್ಕದ ಒಲೆಯಲ್ಲಿ ಇದನ್ನು ಬಿಡಲೇಬೇಡಿ. ಬೇರೆ ಯಾವ ಸೌಲಭ್ಯಕ್ಕಿಂತ ಮೊದಲು ಇದಕ್ಕೆ ದುಡ್ಡು ಕೊಡಿ. ಹೊತ್ತಿಸುವಾಗ ನಾಬ್ ಒತ್ತಿ ಐದಾರು ಸೆಕೆಂಡ್ ಹಿಡಿಯಬೇಕಾಗುತ್ತದೆ. ಕೈಬಿಟ್ಟ ಕೂಡಲೇ ಆರುತ್ತಿದ್ದರೆ ಹಾಬ್ ಕೆಟ್ಟಿದೆ ಎಂದುಕೊಳ್ಳಬೇಡಿ, ಕಡ್ಡಿಯ ಮೇಲೆ ಹಾಲಿನ ಸೀಕಲು ಅಂಟಿರುತ್ತದೆ. ಒಲೆ ಆರಿಸಿ, ತಣಿಸಿ, ನಯವಾದ ಮರಳು ಕಾಗದದಿಂದ ಮೆಲ್ಲಗೆ ಉಜ್ಜಿದರೆ ಹೆಚ್ಚಿನ ಸಲ ಸರಿಹೋಗುತ್ತದೆ.

ಸಿಲಿಂಡರೋ ಪೈಪ್ ಗ್ಯಾಸೋ ಎಂಬುದು ಜೆಟ್‌ನ ತೂತನ್ನು ನಿರ್ಧರಿಸುತ್ತದೆ. ಮನೆ ಸಿಲಿಂಡರ್‌ನ ರೆಗ್ಯುಲೇಟರ್ ಸುಮಾರು 30 ಮಿಲಿಬಾರ್ ಒತ್ತಡದಲ್ಲಿ ಗ್ಯಾಸ್ ಬಿಡುತ್ತದೆ, ಪಿಎನ್‌ಜಿ, ಅಂದರೆ ಪೈಪ್ ಗ್ಯಾಸ್, ಮನೆಯೊಳಗೆ 21 ಮಿಲಿಬಾರ್‌ನಲ್ಲಿ ಬರುತ್ತದೆ. ಅದೂ ಅಲ್ಲದೆ ಒಂದೇ ಗಾತ್ರದ ಎಲ್‌ಪಿಜಿಯಲ್ಲಿ ಪಿಎನ್‌ಜಿಯ ಎರಡೂವರೆ ಪಟ್ಟಿಗೂ ಹೆಚ್ಚು ಶಾಖವಿದೆ. ಆದ್ದರಿಂದ ಪಿಎನ್‌ಜಿ ಜೆಟ್‌ನ ತೂತು ದೊಡ್ಡದು. ಬೆಂಗಳೂರು, ಮಂಗಳೂರಿನಂಥ ಊರುಗಳಲ್ಲಿ ಪೈಪ್ ಗ್ಯಾಸ್ ಮುಂದೆ ಬರುವ ಸಂಭವ ಇದ್ದರೆ ಅದೇ ಮಾದರಿಗೆ ಪಿಎನ್‌ಜಿ ಜೆಟ್ ಸೆಟ್ ಸಿಗುತ್ತದೆಯೇ ಎಂದು ಇಂದೇ ಕೇಳಿ. ಇರುವ ತೂತನ್ನು ಡ್ರಿಲ್ ಹಾಕಿ ದೊಡ್ಡದು ಮಾಡುವವರನ್ನು ಒಳಗೆ ಬಿಡಬೇಡಿ. ಜೆಟ್ ಬದಲಿಸಿದಾಗ ಸಣ್ಣ ಉರಿಯ ತಿರುಪನ್ನೂ ಹೊಂದಿಸಬೇಕು. ಅದನ್ನು ಮರೆತರೆ ಸಿಮ್‌ನಲ್ಲಿ ಒಲೆ ಆರಿಹೋಗುತ್ತದೆ.

ಹಾಬ್‌ನ ಕೆಳಗೆ ಕಪಾಟಿನಲ್ಲಿ ಅವಿತಿರುವ ರಬ್ಬರ್ ಪೈಪನ್ನು ಯಾರೂ ನೋಡುವುದಿಲ್ಲ, ಇಲಿ ಮಾತ್ರ ನೋಡುತ್ತದೆ. ತಂತಿ ಬಲೆಯಿರುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನೇ ಹಾಕಿ, ಉದ್ದ ಒಂದೂವರೆ ಮೀಟರ್ ದಾಟದಿರಲಿ, ನಡುವೆ ಜೋಡಣೆ ಬೇಡ, ಐದು ವರ್ಷಕ್ಕೆ ಬದಲಿಸಿ. ಸಿಲಿಂಡರ್ ದೂರವಿದ್ದರೆ ತಾಮ್ರದ ಕೊಳವೆ ಎಳೆಸಿ, ಕಟ್ಟೆಯ ಬಳಿ ಕೈಗೆಟುಕುವಲ್ಲಿ ಒಂದು ವಾಲ್ವ್ ಇಡಿಸಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಮಲಗುತ್ತದೆ. ಸಿಲಿಂಡರ್ ಇರುವ ಕಪಾಟಿನ ಬಾಗಿಲ ಬುಡದಲ್ಲಿ ಗಾಳಿಕಿಂಡಿ ಇರಲೇಬೇಕು.

ಇಂಡಕ್ಷನ್ ಹಾಬ್ ವಿಷಯಕ್ಕೆ ಬರೋಣ. ತೆಗೆದುಕೊಂಡ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು 85 ಭಾಗ ಪಾತ್ರೆಗೇ ಸೇರುತ್ತದೆ, ಅಡುಗೆಮನೆ ಕಾಯುವುದಿಲ್ಲ. ಗ್ಯಾಸ್ ಒಲೆಯಲ್ಲಿ 60 ಭಾಗ ಪಾತ್ರೆಗೆ ಹೋಗುತ್ತದೆ ಎಂದು ಹಿಡಿದರೆ ಒಂದು ಸಿಲಿಂಡರ್‌ನ ಅಡುಗೆಗೆ ಸುಮಾರು 130 ಯೂನಿಟ್ ಬೇಕು. ನಿಮ್ಮ ಬಿಲ್ಲಿನ ಯೂನಿಟ್ ದರದಿಂದ ಗುಣಿಸಿ, ಸಿಲಿಂಡರ್ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಆದರೆ ತೊಡಕು ವೈರಿನಲ್ಲಿದೆ. ಪಾತ್ರೆ ಕಾಯುವ ನಾಲ್ಕು ವಲಯಗಳಿರುವ ಹಾಬ್ ಪೂರ್ತಿ ಓಡಿದರೆ 7.2 ಕಿಲೋವ್ಯಾಟ್, ಅಂದರೆ 31 ಆಂಪಿಯರ್. ಅದಕ್ಕೆ ಮೀಟರ್ ಬೋರ್ಡಿನಿಂದ ನೇರ 6 ಚದರ ಮಿ.ಮೀ. ತಾಮ್ರದ ವೈರ್, 32 ಆಂಪಿಯರ್ ಎಂಸಿಬಿ (ಲೋಡ್ ಮೀರಿದರೆ ತಾನೇ ಬೀಳುವ ಸ್ವಿಚ್) ಬೇಕು. ಎರಡು ವಲಯದ್ದು 3.5 ಕಿಲೋವ್ಯಾಟ್ ಒಳಗಿದ್ದರೆ 4 ಚದರ ಮಿ.ಮೀ. ವೈರಿನ ಪ್ರತ್ಯೇಕ 16 ಆಂಪಿಯರ್ ಪಾಯಿಂಟ್ ಸಾಕು. ಬಿಲ್ಲಿನಲ್ಲಿ ಮಂಜೂರಾದ ಲೋಡ್ 3 ಕಿಲೋವ್ಯಾಟ್ ಎಂದಿದ್ದರೆ ಗೀಸರ್ ಜೊತೆ ಇದು ನಡೆಯದು. ಲೋಡ್ ಹೆಚ್ಚಿಸಲು ಅರ್ಜಿ ಹಾಕಬೇಕು, ನಿಗದಿತ ಶುಲ್ಕವೂ ಏರುತ್ತದೆ.

ಪಾತ್ರೆಯ ತಳಕ್ಕೆ ಅಯಸ್ಕಾಂತ ಗಟ್ಟಿಯಾಗಿ ಅಂಟಬೇಕು. ಅಲ್ಯೂಮಿನಿಯಂ ಕುಕ್ಕರ್, ತಾಮ್ರ, ಕರಾವಳಿಯ ಮಣ್ಣಿನ ಗಡಿಗೆ ಕೆಲಸಕ್ಕೆ ಬಾರವು. ಬೀಡಿನ ಕಾವಲಿ ನಡೆಯುತ್ತದೆ. ಆದರೆ ಗಾಜಿನಡಿ ಪಾತ್ರೆಯನ್ನು ಕಾಯಿಸುವ ತಂತಿಸುರುಳಿ (ಕಾಯಿಲ್) 18 ಸೆಂ.ಮೀ. ಇದ್ದು ಕಾವಲಿ 30 ಇದ್ದರೆ ದೋಸೆಯ ನಡು ಸೀದು ಅಂಚು ಹಸಿಯಾಗಿರುತ್ತದೆ. ಜೋಳದ ರೊಟ್ಟಿ ಉಬ್ಬಿಸುವುದು, ಬದನೆಕಾಯಿ, ಹಪ್ಪಳ ಸುಡುವುದು ಉರಿಯಿಲ್ಲದೆ ಆಗದ ಕೆಲಸ. ಅಗ್ಗದ ಇಂಡಕ್ಷನ್‌ನಲ್ಲಿ ಇನ್ನೊಂದು ದೋಷ: ಕಡಿಮೆ ಶಾಖಕ್ಕೆ ಇಟ್ಟಾಗ ಪೂರ್ಣ ಶಕ್ತಿ ಕೆಲವು ಸೆಕೆಂಡ್ ಹರಿದು, ನಿಂತು, ಮತ್ತೆ ಹರಿಯುತ್ತದೆ. ಹಾಲು ತಳ ಹಿಡಿಯುವುದು ಇದರಿಂದಲೇ. ಅಂಗಡಿಯಲ್ಲಿ ನೀರಿಟ್ಟು ಅತಿ ಕಡಿಮೆಗೆ ತಿರುಗಿಸಿ. ಗುಳ್ಳೆ ಒಂದೇ ಸಮ ಬರುತ್ತಿದ್ದರೆ ಒಳ್ಳೆಯದು, ದಬದಬ ಎದ್ದು ನಿಲ್ಲುತ್ತಿದ್ದರೆ ಬಿಡಿ. ಕೆಳಗಿನ ಫ್ಯಾನ್ ಕಿಂಡಿಯಿಂದ ಜಿರಳೆ ಒಳಹೊಕ್ಕು ಸರ್ಕ್ಯೂಟ್ ಸುಡುವುದೂ ಇದೆ. ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳಿಯೇ ಬಳಸಬೇಕು. ಗಾಜಿನಡಿ ಕೆಂಪಗೆ ಕಾಯುವ ಇನ್ಫ್ರಾರೆಡ್ ಒಲೆಗೆ ಯಾವ ಚಪ್ಪಟೆ ಪಾತ್ರೆಯೂ ಆಗುತ್ತದೆ, ಆದರೆ ಕಾಯುವುದೂ ಆರುವುದೂ ನಿಧಾನ.

ನಮ್ಮ ಅಡುಗೆಗೆ ಸಾಮಾನ್ಯವಾಗಿ ಹೊಂದುವುದು ಎಫ್‌ಎಫ್‌ಡಿ ಇರುವ ಎರಡು ಅಥವಾ ಮೂರು ಗ್ಯಾಸ್ ಬರ್ನರ್, ಪಕ್ಕದಲ್ಲಿ ಒಂದು ಬಿಡಿ ಇಂಡಕ್ಷನ್. ಹಾಲು, ನೀರು, ಅನ್ನ ಅದರ ಮೇಲೆ, ಮಿಕ್ಕದ್ದು ಉರಿಯ ಮೇಲೆ.

ಕಲ್ಲು ಕೊಯ್ಯುವುದು ಹಾಬ್ ಮನೆಗೆ ಬಂದ ಮೇಲೆ, ಅದರ ಪೆಟ್ಟಿಗೆಯಲ್ಲಿರುವ ಅಳತೆ ಹಾಳೆ ಇಟ್ಟುಕೊಂಡೇ. 60 ಸೆಂ.ಮೀ. ಹಾಬ್‌ಗೆ ಕೊಯ್ತ ಸಾಮಾನ್ಯವಾಗಿ 56 ಅಗಲ, 48–49 ಆಳ, ಆದರೂ ಮಾದರಿಗೊಂದು ಅಳತೆ. ಎರಡಡಿ ಕಟ್ಟೆಯಲ್ಲಿ ಮುಂದೆ ಉಳಿಯುವ ಪಟ್ಟಿ 6 ಸೆಂ.ಮೀ. ಆಚೀಚೆ. ಗೋಡೆಯ ಟೈಲ್ಸ್ ಮತ್ತು ಗಾರೆ ಎರಡು ಸೆಂ.ಮೀ. ನುಂಗುವುದನ್ನು ಮೊದಲೇ ಕಳೆಯಿರಿ. 18 ಮಿ.ಮೀ. ಗ್ರಾನೈಟ್‌ನ ಅಷ್ಟು ಸಣ್ಣ ಪಟ್ಟಿ ಭಾರಕ್ಕೆ ಮುರಿಯುತ್ತದೆ, ಕೆಳಗೆ ಕಬ್ಬಿಣದ ಆಂಗಲ್ ಕೊಡಿಸಿ. ಮೂಲೆಗಳನ್ನು ಚೂಪಾಗಿ ಕೊಯ್ದರೆ ಬಿರುಕು ಅಲ್ಲಿಂದಲೇ ಓಡುತ್ತದೆ. ಮೊದಲು ನಾಲ್ಕು ಮೂಲೆಗೆ 10–12 ಮಿ.ಮೀ. ತೂತು ಹಾಕಿ ಆಮೇಲೆ ಗೆರೆ ಕೊಯ್ಯಬೇಕು. ಹಾಬ್ ಕೆಳಗೆ ಸ್ಪಂಜಿನ ಪಟ್ಟಿ ಸಾಕು, ಸಿಲಿಕೋನ್ ಹಾಕಿ ಅಂಟಿಸಿದರೆ ರಿಪೇರಿಗೆ ಎತ್ತುವಾಗ ಗಾಜು ಹೋಗುತ್ತದೆ. ಪಕ್ಕದ ಗೋಡೆಗೆ 15 ಸೆಂ.ಮೀ., ಚಿಮಣಿಗೆ 65–75 ಸೆಂ.ಮೀ. ಬಿಡಿ.

ಕೂರಿಸಿದ ದಿನ ಕೆಲಸದವರು ಹೊರಡುವ ಮೊದಲು ಎಲ್ಲ ಜೋಡಣೆಗೂ ಸೋಪಿನ ನೀರು ಹಚ್ಚಿಸಿ, ಗುಳ್ಳೆ ಏಳಬಾರದು. ಪ್ರತಿ ಬರ್ನರ್ ಹೊತ್ತಿಸಿ ಸಿಮ್‌ಗೆ ತನ್ನಿ, ಕೆಳಗಿನ ಬಾಗಿಲನ್ನು ಜೋರಾಗಿ ತೆರೆದು ಮುಚ್ಚಿ, ಉರಿ ಆರಬಾರದು. ಚೆನ್ನಾಗಿ ಕಾದ ಮೇಲೆ ಉರಿಯನ್ನು ಊದಿ ಆರಿಸಿ, ನಾಬ್ ಮುಟ್ಟದೆ ಕಿವಿಗೊಡಿ. ಸುಮಾರು ಒಂದು ನಿಮಿಷದೊಳಗೆ ಟಕ್ ಎಂಬ ಸದ್ದು ಕೇಳಿ ಗ್ಯಾಸಿನ ಸುಯ್ ನಿಲ್ಲಬೇಕು. ನಿಲ್ಲದಿದ್ದರೆ ನಾಬ್ ಮುಚ್ಚಿ, ಕಿಟಕಿ ತೆರೆದು, ಅದನ್ನು ಸರಿಪಡಿಸುವ ತನಕ ಬಾಕಿ ಹಣ ಕೊಡಬೇಡಿ.